ಜನ ಕಡಿಮೆಯಾದರು, ನೀರೂ ಕಡಿಮೆಯಾಯಿತು: ಪಾರ್ಥ ದಾಸ್‌ಗುಪ್ತರ ಲೆಕ್ಕ ಮತ್ತು ನಮ್ಮ ಸೀಮೆ

ಕಡೂರಿನ ಉಪನ್ಯಾಸಕಿ:

ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಜನಸಂಖ್ಯೆಯ ಅಧ್ಯಾಯ ಬಂದಾಗಲೆಲ್ಲ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ಥಸ್‌ನಿಂದ ಆರಂಭಿಸುವುದು ರೂಢಿ. ಜನ ಗುಣೋತ್ತರ ಶ್ರೇಢಿಯಲ್ಲಿ ಬೆಳೆಯುತ್ತಾರೆ, ಆಹಾರ ಸಮಾಂತರ ಶ್ರೇಢಿಯಲ್ಲಿ ಬೆಳೆಯುತ್ತದೆ ಎಂದು ಆತ 1798ರಲ್ಲಿ ಬರೆದ. ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದು, ಒಂದು ಇನ್ನೊಂದನ್ನು ಬಿಟ್ಟು ಮೇಲೇರುವುದನ್ನು ತೋರಿಸಿ ಪಾಠ ಮುಗಿಸುತ್ತಿದ್ದೆ. ಈ ವರ್ಷ ಹಾಗೆ ಮುಗಿಸಲು ಆಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮ ಊರಿನಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ಚಿದ್ದಾರೆ. ಆದರೂ ಕೊಳವೆಬಾವಿಯಲ್ಲಿ ನೀರಿಲ್ಲ. ಅದು ಯಾರ ಜನಸಂಖ್ಯೆಯಿಂದ?" ಎಂದು ಕೇಳಿದಳು.

ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು ಜನಗಣತಿಯ ಅಂಕಿಗಳನ್ನು ನೋಡಿದೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಅದೇ ಹತ್ತು ವರ್ಷಗಳಲ್ಲಿ ದೇಶದ ಜನ ಶೇಕಡಾ 17ಕ್ಕೂ ಹೆಚ್ಚು ಬೆಳೆದಿದ್ದರು, ನಾವು ಸುಮಾರು ಮೂರು ಸಾವಿರ ಮಂದಿ ಕಡಿಮೆಯಾಗಿದ್ದೆವು. ಪಕ್ಕದ ಹಾಸನದ ಬೆಳವಣಿಗೆ ಶೇಕಡಾ ಮೂರರ ಆಸುಪಾಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಹೆಂಗಸು ಹೆರುವ ಮಕ್ಕಳ ಸರಾಸರಿ, 1.7. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಲು 2.1 ಬೇಕು. ಅಂದರೆ ಮಾಲ್ಥಸ್‌ನ ಮೊದಲ ಗೆರೆ ನಮ್ಮಲ್ಲಿ ಏರುವುದನ್ನೇ ನಿಲ್ಲಿಸಿದೆ. ಎರಡನೆಯ ಗೆರೆ, ಅದನ್ನು ನೀರು ಎಂದುಕೊಳ್ಳಿ, ಇಳಿಯುತ್ತಲೇ ಇದೆ.

ಹೀಗೆ ಹುಡುಕುವಾಗ ಪಾರ್ಥ ದಾಸ್‌ಗುಪ್ತರನ್ನು ಮತ್ತೆ ಓದಿದೆ. 1942ರಲ್ಲಿ ಢಾಕಾದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಪಾಠ ಮಾಡಿದ ಅರ್ಥಶಾಸ್ತ್ರಜ್ಞರು. ಬಡತನ, ಜನಸಂಖ್ಯೆ, ಪರಿಸರ ಈ ಮೂರನ್ನೂ ಒಟ್ಟಿಗೆ ಹಿಡಿದು ದಶಕಗಳ ಕಾಲ ಕೆಲಸ ಮಾಡಿದವರು. ಬ್ರಿಟನ್ ಸರ್ಕಾರದ ಹಣಕಾಸು ಇಲಾಖೆ ಕೇಳಿಕೊಂಡ ಮೇಲೆ ಜೀವವೈವಿಧ್ಯದ ಅರ್ಥಶಾಸ್ತ್ರದ ಬಗ್ಗೆ ಅವರು ಕೊಟ್ಟ ದೊಡ್ಡ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. ಅದರ ಒಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. 1992ರಿಂದ 2014ರ ನಡುವೆ ಜಗತ್ತಿನಲ್ಲಿ ತಲೆಗೊಂದರಂತೆ ಲೆಕ್ಕ ಹಾಕಿದರೆ ರಸ್ತೆ, ಕಟ್ಟಡ, ಯಂತ್ರಗಳ ಬಂಡವಾಳ ಎರಡರಷ್ಟಾಯಿತು. ವಿದ್ಯೆ, ಆರೋಗ್ಯದ ಬಂಡವಾಳ ಶೇಕಡಾ 13ರಷ್ಟು ಏರಿತು. ಪ್ರಕೃತಿಯ ಬಂಡವಾಳ ಮಾತ್ರ ಸುಮಾರು ಶೇಕಡಾ 40ರಷ್ಟು ಕುಸಿಯಿತು. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಈ ಕುಸಿತ ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ವರ್ಷದ ಗಳಿಕೆಯನ್ನಷ್ಟೇ ಬರೆಯುತ್ತಾರೆ, ಕರಗಿದ ಆಸ್ತಿಯನ್ನು ಕಳೆಯುವುದಿಲ್ಲ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದು ಇದನ್ನೇ.

ಅವರ ಮೂಲ ಸೂತ್ರ ಸರಳ. ಜನರ ಸಂಖ್ಯೆಯನ್ನು ತಲಾ ಬಳಕೆಯಿಂದ ಗುಣಿಸಿ, ಪ್ರಕೃತಿ ಕೊಡುವುದನ್ನು ಎಷ್ಟು ದಕ್ಷವಾಗಿ ಬಳಸುತ್ತೇವೆ ಎಂಬುದರಿಂದ ಭಾಗಿಸಿ. ಬಂದ ಮೊತ್ತ ಪ್ರಕೃತಿ ತಾನಾಗಿ ಮತ್ತೆ ತುಂಬಿಕೊಳ್ಳುವ ಪ್ರಮಾಣಕ್ಕಿಂತ ಹೆಚ್ಚಾದರೆ ನಾವು ಬಡ್ಡಿ ಬಿಟ್ಟು ಅಸಲು ತಿನ್ನುತ್ತಿದ್ದೇವೆ. ತಲೆಯೆಣಿಕೆ ಇದರಲ್ಲಿ ಒಂದು ಅಂಶ ಮಾತ್ರ. ಚಿಕ್ಕಮಗಳೂರು, ಹಾಸನ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಉಳಿದ ಅಂಶಗಳು ಏನಾಗಿವೆ? ಬಯಲುಸೀಮೆಯವರೂ ಮಲೆನಾಡಿನವರೂ ನಿಮ್ಮ ನಿಮ್ಮ ಊರು ನೋಡಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬೇಲೂರು ಎಂಜಿನಿಯರ್:

ಮೇಡಂ, ದಾಸ್‌ಗುಪ್ತರ ಬಗ್ಗೆ ಗೌರವವಿದೆ. ಆದರೆ ಈ ಚರ್ಚೆಯಲ್ಲಿ ಜೂಲಿಯನ್ ಸೈಮನ್‌ರನ್ನು ಬಿಟ್ಟರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಅಮೆರಿಕದ ಈ ಅರ್ಥಶಾಸ್ತ್ರಜ್ಞರ ಪ್ರಕಾರ ಮನುಷ್ಯನ ಬುದ್ಧಿಯೇ ಎಲ್ಲಕ್ಕೂ ಮಿಗಿಲಾದ ಸಂಪನ್ಮೂಲ. ಕೊರತೆ ಬಂದಾಗ ಬೆಲೆ ಏರುತ್ತದೆ, ಬೆಲೆ ಏರಿದಾಗ ಜನ ಬದಲಿ ಹುಡುಕುತ್ತಾರೆ, ಕೊನೆಗೆ ಮೊದಲಿಗಿಂತ ಅಗ್ಗವಾಗುತ್ತದೆ. ಜನಸಂಖ್ಯಾ ಸ್ಫೋಟದಿಂದ ಕೋಟ್ಯಂತರ ಜನ ಹಸಿದು ಸಾಯುತ್ತಾರೆ ಎಂದು 1968ರಲ್ಲಿ ಎಚ್ಚರಿಸಿದ್ದ ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್ ಅವರಿಗೆ ಸೈಮನ್ ಪಂಥಾಹ್ವಾನ ಕೊಟ್ಟರು. 1980ರ ಸೆಪ್ಟೆಂಬರ್ 29ರಂದು ಪಂಥ ಶುರುವಾಯಿತು. ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್. ಐದೂ ಲೋಹಗಳನ್ನು ಎರ್ಲಿಕ್ ಮತ್ತು ಅವರ ಸಂಗಡಿಗರೇ ಆರಿಸಿದರು, ಒಂದೊಂದೂ 200 ಡಾಲರ್ ಬೆಲೆಯಷ್ಟು. ಹತ್ತು ವರ್ಷದ ಮೇಲೆ ಬೆಲೆ ಏರಿದ್ದರೆ ಸೈಮನ್, ಇಳಿದಿದ್ದರೆ ಎರ್ಲಿಕ್ ಆ ವ್ಯತ್ಯಾಸ ಕೊಡಬೇಕು. ಹತ್ತು ವರ್ಷಗಳಲ್ಲಿ ಜಗತ್ತಿನ ಜನ 80 ಕೋಟಿಗೂ ಮೀರಿ ಹೆಚ್ಚಿದರು. ಹಣದುಬ್ಬರ ಕಳೆದು ನೋಡಿದರೆ ಐದು ಲೋಹಗಳ ಬೆಲೆಯೂ ಇಳಿದಿತ್ತು. 1990ರ ಅಕ್ಟೋಬರಿನಲ್ಲಿ ಎರ್ಲಿಕ್ 576 ಡಾಲರ್ 7 ಸೆಂಟ್‌ನ ಚೆಕ್ ಕಳುಹಿಸಿದರು.

ನಾನು ಯಂತ್ರಗಳ ನಡುವೆ ಬದುಕುವವನು. ಟೆಲಿಫೋನ್ ತಂತಿಯ ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನೀರಿನ ವಿಷಯದಲ್ಲಿಯೂ ಹನಿ ನೀರಾವರಿ ಬಂದಿಲ್ಲವೇ? ನಾವೇಕೆ ಮೊದಲೇ ಸೋಲೊಪ್ಪಿಕೊಳ್ಳಬೇಕು?

ಹಾಸನದ ನಿವೃತ್ತ ಮೇಷ್ಟರು:

ತಮ್ಮ, ಪಂಥದ ಕಥೆ ನಿಜ. ಅದಕ್ಕೆ ಇನ್ನೆರಡು ಸಂಗತಿ ಸೇರಿಸುತ್ತೇನೆ. ತವರದ ಬೆಲೆಯನ್ನು ಎತ್ತಿ ಹಿಡಿದಿದ್ದ ಅಂತರರಾಷ್ಟ್ರೀಯ ಒಪ್ಪಂದ 1985ರಲ್ಲಿ ಮುರಿದುಬಿತ್ತು, ಬೆಲೆ ನೆಲಕಚ್ಚಿತು. ಅದು ಯಾರದೇ ಬುದ್ಧಿಶಕ್ತಿಯ ಫಲವಲ್ಲ. ಇಪ್ಪತ್ತನೆಯ ಶತಮಾನದ ಬೇರೆ ಬೇರೆ ಹತ್ತು ವರ್ಷಗಳನ್ನು ತೆಗೆದುಕೊಂಡು ನಂತರದವರು ಲೆಕ್ಕ ಹಾಕಿದಾಗ, ಎರ್ಲಿಕ್ ಗೆಲ್ಲಬಹುದಾಗಿದ್ದ ಅವಧಿಗಳೇ ಹೆಚ್ಚು ಸಿಕ್ಕವು. ಆದರೂ ಆ ಪಂಥ ಯಾರು ಗೆದ್ದರೆಂಬುದು ನನಗೆ ಮುಖ್ಯವಲ್ಲ. ಪಂಥ ಕಟ್ಟಿದ್ದು ಐದು ಲೋಹಗಳ ಮೇಲೆ, ಅಂದರೆ ಮಾರುಕಟ್ಟೆಯಲ್ಲಿ ಬೆಲೆಯಿರುವ ವಸ್ತುಗಳ ಮೇಲೆ. ಅಯ್ಯನಕೆರೆಯ ಮೇಲೆ, ಬಾಬಾಬುಡನ್‌ಗಿರಿಯ ಶೋಲಾ ಕಾಡಿನ ಮೇಲೆ, ಹೇಮಾವತಿಗೆ ಇಳಿಯುವ ಹಳ್ಳಗಳ ಮೇಲೆ ಅಂಥ ಪಂಥ ಕಟ್ಟಲು ಆಗುವುದಿಲ್ಲ. ಅವುಗಳ ಬೆಲೆಯೇರಿಕೆ ಯಾವ ಪೇಟೆಯ ಪಟ್ಟಿಯಲ್ಲಿ ಬರುತ್ತದೆ? ಬೆಲೆಯೇ ಇಲ್ಲದಾಗ ಎಚ್ಚರಿಕೆಯ ಗಂಟೆ ಬಾರಿಸುವವರು ಯಾರು?

ಮಾಲ್ಥಸ್ ವಿಷಯಕ್ಕೂ ಒಂದು ಮಾತು. ಆತ 1805ರಿಂದ ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ ಪ್ರಾಧ್ಯಾಪಕ. ನಮ್ಮನ್ನು ಆಳಲು ಬಂದ ಅಧಿಕಾರಿಗಳು ಅಲ್ಲಿ ಕಲಿತವರು. ಬರ ಬಂದರೆ ಅದು ಹೆಚ್ಚಾದ ಜನರಿಗೆ ಪ್ರಕೃತಿ ಹಾಕುವ ಕಡಿವಾಣ ಎಂಬ ನಂಬಿಕೆಯೂ ಅವರೊಡನೆ ಹಡಗಿನಲ್ಲಿ ಬಂತು. 1876–78ರ ಬರವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದರು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಲೆಕ್ಕದಿಂದಲೇ ಅಳಿಸಿಹೋದರು. ಆ ವರ್ಷಗಳಲ್ಲಿಯೂ ಭಾರತದಿಂದ ಧಾನ್ಯ ಹಡಗೇರುತ್ತಿತ್ತು. ಜನ ಹೆಚ್ಚಾಗಿದ್ದರಿಂದ ಸತ್ತರು ಎಂದು ಯಾರಾದರೂ ಹೇಳಿದರೆ ನನಗೆ ಇಂದಿಗೂ ಎದೆ ಉರಿಯುತ್ತದೆ. ಕೊಳ್ಳುವ ಕಾಸಿಲ್ಲದ್ದರಿಂದ ಸತ್ತರು. ಆದ್ದರಿಂದ ತಲೆಯೆಣಿಕೆಯ ವಾದವನ್ನು ನಾನು ಬಹಳ ಎಚ್ಚರದಿಂದ ಕೇಳುತ್ತೇನೆ, ಅದನ್ನು ದಾಸ್‌ಗುಪ್ತ ಹೇಳಿದರೂ ಸರಿ.

ಅರಸೀಕೆರೆ ತೆಂಗಿನ ತೋಟ:

ನಾನು ಅರ್ಥಶಾಸ್ತ್ರ ಓದಿದವನಲ್ಲ. ನಮ್ಮ ತೋಟದ ಲೆಕ್ಕ ಬರೆಯುತ್ತೇನೆ, ಮೇಡಂ ಕೇಳಿದ್ದಕ್ಕೆ ಅದೇ ಉತ್ತರವಾದೀತು.

ತಾತನ ಕಾಲದ ತೆರೆದ ಬಾವಿ 38 ಅಡಿ. ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿ ರಾಗಿ, ತರಕಾರಿ, ಇಪ್ಪತ್ತು ತೆಂಗು. ಆಗ ಮನೆಯಲ್ಲಿ ಹದಿನಾಲ್ಕು ಜನ. 1994ರಲ್ಲಿ ಅಪ್ಪ ಮೊದಲ ಕೊಳವೆಬಾವಿ ಕೊರೆಸಿದರು, 160 ಅಡಿಗೆ ನೀರು ಉಕ್ಕಿ ಬಂತು, ಊರವರಿಗೆಲ್ಲ ಪಾಯಸ ಹಂಚಿದ್ದು ನನಗೆ ನೆನಪಿದೆ. ಇಡೀ ಹೊಲವನ್ನು ತೆಂಗಿನ ತೋಟ ಮಾಡಿದೆವು. 2008ರಲ್ಲಿ 480 ಅಡಿ. 2016ರಲ್ಲಿ 870 ಅಡಿಗೆ ಹೋದರೂ ಬರೀ ದೂಳು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ತೋರಿಸುವವರು ಗುರುತಿಸಿದ ಜಾಗದಲ್ಲಿ ಮರುವರ್ಷ 1,020 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿತು. ಸಾಲ ಇನ್ನೂ ಇದೆ. ಈಗ ಆ ಮನೆಯಲ್ಲಿರುವುದು ನಾನು, ನನ್ನ ಹೆಂಡತಿ, ನಮ್ಮ ಅವ್ವ. ಮಗಳು ಬೆಂಗಳೂರಿನಲ್ಲಿದ್ದಾಳೆ. ಹದಿನಾಲ್ಕು ಜನ 38 ಅಡಿಯಲ್ಲಿ ಬದುಕಿದ್ದ ಜಾಗದಲ್ಲಿ ಮೂರು ಜನ 1,020 ಅಡಿಗೆ ಇಳಿದಿದ್ದೇವೆ.

ಇದು ಬೆಳೆಯ ಬದಲಾವಣೆ, ಪಂಪಿನ ಬದಲಾವಣೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ರಾತ್ರಿ ಎಷ್ಟು ಹೊತ್ತಿಗೆ ಮೂರು ಫೇಸ್ ಬರುತ್ತದೋ ಗೊತ್ತಿಲ್ಲವಾದ್ದರಿಂದ ಎಲ್ಲರೂ ಆಟೊ ಸ್ಟಾರ್ಟರ್ ಹಾಕಿದ್ದೇವೆ. ಬೇಕಿರಲಿ ಬೇಡವಿರಲಿ ನೀರು ಹರಿಯುತ್ತದೆ. ನಾನು ನಿಲ್ಲಿಸಿದರೆ ನನ್ನ ಪಾಲು ಪಕ್ಕದ ತೋಟಕ್ಕೆ ಹೋಗುತ್ತದೆ ಎಂಬ ಭಯ ನನಗೆ. ಅವರಿಗೂ ಅದೇ ಭಯ. ಅವರು ನನ್ನ ದಾಯಾದಿ, ಕೆಟ್ಟವರಲ್ಲ.

ಕಡೂರಿನ ಉಪನ್ಯಾಸಕಿ:

ಅಣ್ಣ, ನೀವು ಬರೆದಿದ್ದನ್ನು ನಾಳೆ ತರಗತಿಯಲ್ಲಿ ಓದಿ ಹೇಳುತ್ತೇನೆ, ಅಪ್ಪಣೆ ಇರಲಿ. ಪ್ರಕೃತಿಯ ಬಹುಪಾಲು ಕೆಲಸಗಳಿಗೆ ಮೂರು ಗುಣಗಳಿವೆ, ಅದಕ್ಕೇ ಅವು ಲೆಕ್ಕಕ್ಕೆ ಸಿಗುವುದಿಲ್ಲ ಎನ್ನುತ್ತಾರೆ ದಾಸ್‌ಗುಪ್ತ: ಅವು ಒಂದೆಡೆ ನಿಲ್ಲುವುದಿಲ್ಲ, ಸದ್ದು ಮಾಡುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಅಂತರ್ಜಲಕ್ಕೆ ಮೂರೂ ಸಲ್ಲುತ್ತದೆ. ನಿಮ್ಮ ಹೊಲದ ಗಡಿಕಲ್ಲು ಅದಕ್ಕೆ ತಿಳಿಯದು, ಬತ್ತುವಾಗ ಕೂಗುವುದಿಲ್ಲ, ಸಾವಿರ ಅಡಿ ಕೆಳಗೆ ಯಾರಿಗೂ ಕಾಣುವುದಿಲ್ಲ. ಪ್ರಕೃತಿಗೆ ಹಾನಿ ಮಾಡುವ ಸಹಾಯಧನಗಳಿಂದ ಜಗತ್ತಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ 4ರಿಂದ 6 ಲಕ್ಷ ಕೋಟಿ ಡಾಲರ್ ಎಂಬ ಅಂದಾಜು ಆ ವರದಿಯಲ್ಲಿದೆ. ನಮ್ಮ ಪಂಪಿನ ಕರೆಂಟು ಅಂಥ ಸಹಾಯಧನಗಳಲ್ಲಿ ಒಂದು ಎಂದು ಬರೆಯಲು ಕೈ ಹಿಂಜರಿಯುತ್ತದೆ, ನನ್ನ ಅಣ್ಣನೂ ತೋಟದವನೇ. ಆದರೂ ಬರೆಯದೆ ಇರಲಾಗದು.

ಮೂಡಿಗೆರೆ ಬೆಳೆಗಾರ:

ಮಲೆನಾಡಿನ ಕಡೆಯಿಂದ ನೋಡಿದರೆ ವಿಷಯ ತಿರುವುಮುರುವು. ಇಲ್ಲಿ ಜನ ಕಡಿಮೆಯಾದದ್ದೇ ನೀರು ಕಡಿಮೆಯಾಗಲು ಒಂದು ಕಾರಣ ಎಂದರೆ ನಂಬುತ್ತೀರಾ?

ನಮ್ಮ ಮನೆಯ ಮುಂದಿನ ಕಣಿವೆಯಲ್ಲಿ ಗದ್ದೆಗಳಿದ್ದವು. ಜೂನ್‌ನಿಂದ ನವೆಂಬರ್‌ವರೆಗೆ ಗದ್ದೆಯಲ್ಲಿ ನೀರು ನಿಂತು ನೆಲಕ್ಕೆ ಇಂಗುತ್ತಿತ್ತು, ಕೆಳಗಿನ ಹಳ್ಳ ಬೇಸಿಗೆಯಲ್ಲಿಯೂ ಹರಿಯುತ್ತಿತ್ತು. ಬದು ಕಟ್ಟಲು, ಅಗೆ ಕೀಳಲು, ನಾಟಿ ಮಾಡಲು ಆಳುಗಳು ಸಿಗದೆ ಹೋದಾಗ ಒಬ್ಬೊಬ್ಬರೇ ಗದ್ದೆ ಬೀಳು ಬಿಟ್ಟರು. ಕೆಲವರು ಕಾಲುವೆ ತೆಗೆದು ನೀರು ಬಸಿದು ಅಡಿಕೆ ಹಾಕಿದರು. ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟರು. ಒಂದು ವರ್ಷದ ಹಣ ಕೈಗೆ ಬಂತು, ಮಣ್ಣಿನ ಕಸುವು ಹೋಯಿತು. ಮೊದಲು ವರ್ಷಪೂರ್ತಿ ಹರಿಯುತ್ತಿದ್ದ ಹಳ್ಳದಲ್ಲಿ ಈಗ ಫೆಬ್ರವರಿ ಕೊನೆಗೆ ಕಲ್ಲು ಕಾಣುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಹಾಕಲು ಎಲ್ಲರೂ ಅದೇ ಹಳ್ಳಕ್ಕೆ ಪೈಪು ಇಳಿಸುತ್ತೇವೆ, ನಾನೂ ಇಳಿಸುತ್ತೇನೆ.

ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್ 1965ರಲ್ಲಿ ಮಾಲ್ಥಸ್‌ನನ್ನು ತಲೆಕೆಳಗು ಮಾಡಿದರು. ಜನ ಹೆಚ್ಚಾದಾಗ ನೆಲಕ್ಕೆ ಹೆಚ್ಚು ದುಡಿಮೆ ಬೀಳುತ್ತದೆ, ಬದು ಏಳುತ್ತದೆ, ಗೊಬ್ಬರ ಬೀಳುತ್ತದೆ, ಬೇಸಾಯದ ಹೊಸ ಪದ್ಧತಿ ಹುಟ್ಟುತ್ತದೆ ಎಂದರು. 1950ರ ದಶಕದ ಕೊನೆಯಲ್ಲಿ ಅವರು ಭಾರತದಲ್ಲಿದ್ದು ಇಲ್ಲಿನ ಬೇಸಾಯವನ್ನು ನೋಡಿದ್ದರಿಂದಲೇ ಆ ವಿಚಾರ ಬಲಿಯಿತಂತೆ. ನಮ್ಮ ಕಣಿವೆಯಲ್ಲಿ ಅದೇ ದಾರಿ ಹಿಮ್ಮುಖವಾಗಿದೆ. ಕೈಗಳು ಹೋದವು, ಬದುಗಳು ಒಡೆದವು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ, ಒಳ್ಳೆಯ ದುಡಿಮೆಗಾರರು. ಆದರೆ ಈ ನೆಲದ ಹಳ್ಳ ಯಾವುದು, ಒರತೆ ಯಾವುದು ಎಂಬುದನ್ನು ಅವರಿಗೆ ಹೇಳಿಕೊಡಬೇಕಾದ ಹಿರಿಯರೇ ಈಗ ಊರಿನಲ್ಲಿಲ್ಲ.

ಬೇಲೂರು ಎಂಜಿನಿಯರ್:

ಬೆಳೆಗಾರರ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಹಾಗಿದ್ದರೆ ಇನ್ನೊಂದು ಪ್ರಶ್ನೆ. ನಮ್ಮ ಜಿಲ್ಲೆಯ ಜನಸಂಖ್ಯೆಯನ್ನೇ ಏಕೆ ಎಣಿಸುತ್ತೇವೆ? ಹೇಮಾವತಿಯ ನೀರು ಗೊರೂರಿನಿಂದ ನಾಲೆ ಹಿಡಿದು ತುಮಕೂರಿಗೂ ಮಂಡ್ಯಕ್ಕೂ ಹೋಗುತ್ತದೆ. ಎತ್ತಿನಹೊಳೆ ಯೋಜನೆಯ 24 ಟಿಎಂಸಿ ಸಕಲೇಶಪುರದ ಬೆಟ್ಟದಿಂದ ಕೋಲಾರದ ದಿಕ್ಕಿಗೆ. ಕಾಫಿ ಹಡಗಿಗೆ, ಕೊಬ್ಬರಿ ಉತ್ತರ ಭಾರತಕ್ಕೆ. ಸೂತ್ರದಲ್ಲಿ ಹಾಕಬೇಕಾದ ಜನ ನಾವಲ್ಲ, ನಮ್ಮ ನೆಲ ಯಾರಿಗಾಗಿ ದುಡಿಯುತ್ತಿದೆಯೋ ಅವರೆಲ್ಲರೂ.

ಕಡೂರಿನ ಉಪನ್ಯಾಸಕಿ:

ನನ್ನ ವಿದ್ಯಾರ್ಥಿನಿ ಕೇಳಿದ "ಯಾರ ಜನಸಂಖ್ಯೆ" ಎಂಬ ಪ್ರಶ್ನೆಗೆ ನೀವು ಉತ್ತರ ಕೊಟ್ಟಿರಿ ಎನ್ನಿಸುತ್ತದೆ. ಒಂದು ಕ್ವಿಂಟಾಲ್ ಕೊಬ್ಬರಿಯ ಜೊತೆಗೆ ಎಷ್ಟು ಅಂತರ್ಜಲ ಊರು ಬಿಟ್ಟು ಹೋಯಿತು ಎಂದು ಯಾವ ಮಂಡಿಯ ಚೀಟಿಯಲ್ಲಿಯೂ ಬರೆಯುವುದಿಲ್ಲ.

ಆಶಾ ಕಾರ್ಯಕರ್ತೆ, ತರೀಕೆರೆ ಕಡೆ:

ನಮಸ್ಕಾರ. ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ತೋಟ, ಬಾವಿ, ಲೋಹ ಎಂದಿರಿ. ಮಕ್ಕಳನ್ನು ಹೆರುವವರ ಮಾತು ಯಾರೂ ಎತ್ತಲಿಲ್ಲ.

ನಮ್ಮ ಅತ್ತೆಗೆ ಒಂಬತ್ತು ಹೆರಿಗೆ, ಉಳಿದದ್ದು ಆರು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ" ಎಂದು ಗಂಡಸರು ಹೇಳುತ್ತಿದ್ದರಂತೆ. ಅತ್ತೆ ಹೇಳುವುದು ಬೇರೆ. ಮನೆಗೆ ನೀರು ಒಂದು ಮೈಲಿ ದೂರದ ಕಟ್ಟೆಯಿಂದ, ಸೌದೆ ಕಾವಲಿನಿಂದ, ದನಕ್ಕೆ ಹುಲ್ಲು ಗುಡ್ಡದಿಂದ. ಒಬ್ಬಳ ಕೈಯಲ್ಲಿ ಆಗದ ಕೆಲಸ. ಏಳು ವರ್ಷದ ಹುಡುಗಿ ಬಿಂದಿಗೆ ಹೊರುತ್ತಿದ್ದಳು, ಹುಡುಗ ದನ ಮೇಯಿಸುತ್ತಿದ್ದ. ಗುಡ್ಡ ಬೋಳಾದಂತೆ ಸೌದೆ ದೂರವಾಯಿತು, ದೂರವಾದಂತೆ ಇನ್ನೊಂದು ಕೈ ಬೇಕೆನಿಸಿತು. "ಮಕ್ಕಳು ಬೇಕೆಂದು ಹೆತ್ತೆವೋ, ಕೈ ಬೇಕೆಂದು ಹೆತ್ತೆವೋ, ಯಾರಿಗೆ ಗೊತ್ತು" ಎನ್ನುತ್ತಾರೆ.

ನಾನು ಈ ಕೆಲಸಕ್ಕೆ ಸೇರಿದ ಮೇಲೆ ನೋಡಿದ್ದೇನೆ. ಎರಡು ಸಾಕು ಎಂದು ನಾನು ಹೇಳಿದ್ದರಿಂದ ಯಾರೂ ಎರಡಕ್ಕೆ ನಿಲ್ಲಿಸಲಿಲ್ಲ. ಹುಡುಗಿ ಹತ್ತನೇ ತರಗತಿ ದಾಟಿದಾಗ, ಮನೆಗೆ ಗ್ಯಾಸ್ ಬಂದಾಗ, ಹುಟ್ಟಿದ ಕೂಸು ಬದುಕುತ್ತದೆ ಎಂಬ ಧೈರ್ಯ ಬಂದಾಗ ತಾವಾಗಿಯೇ ನಿಲ್ಲಿಸಿದರು. ಆದರೆ ಈಗ ಇನ್ನೊಂದು ಕಷ್ಟ ಕಾಣುತ್ತಿದೆ. ನಲ್ಲಿ ಹಾಕಿದ್ದಾರೆ, ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ಮತ್ತೆ ಹುಡುಗಿಯರೇ ಹೋಗುತ್ತಾರೆ, ಶಾಲೆಗೆ ತಡವಾಗುತ್ತದೆ. ಬತ್ತಿದ ನೀರು ಕೊನೆಗೆ ಅವರ ಹೊತ್ತನ್ನೇ ತಿನ್ನುತ್ತಿದೆ.

ಕಡೂರಿನ ಉಪನ್ಯಾಸಕಿ:

ಅಕ್ಕ, ನಿಮ್ಮ ಅತ್ತೆ ಹೇಳಿದ್ದು ದಾಸ್‌ಗುಪ್ತರ ಸಂಶೋಧನೆಯ ಹೃದಯಭಾಗ ಎಂದು ಹೇಳಿದರೆ ಅತಿಶಯೋಕ್ತಿಯಲ್ಲ. 1990ರ ದಶಕದಲ್ಲಿ ಅವರು ಬರೆದದ್ದು ಇದನ್ನೇ. ಬಡ ಕುಟುಂಬ ಸೌದೆ, ನೀರು, ಮೇವಿಗಾಗಿ ಎಲ್ಲರ ನೆಲವನ್ನು ನೆಚ್ಚಿಕೊಂಡಿರುತ್ತದೆ. ಆ ನೆಲ ಸವೆದಾಗ ತರುವ ದಾರಿ ಉದ್ದವಾಗುತ್ತದೆ. ದಾರಿ ಉದ್ದವಾದಾಗ ಮಕ್ಕಳ ಕೈಗಳ ಬೆಲೆ ಮನೆಯಲ್ಲಿ ಏರುತ್ತದೆ. ಮಕ್ಕಳು ಹೆಚ್ಚಾದಾಗ ನೆಲ ಇನ್ನಷ್ಟು ಸವೆಯುತ್ತದೆ. ಬಡತನ, ಜನಸಂಖ್ಯೆ, ಸವೆದ ನೆಲ ಒಂದನ್ನೊಂದು ದೂಡುತ್ತವೆ, ಯಾವುದೂ ಮೊದಲ ಅಪರಾಧಿಯಲ್ಲ. ಈ ಸುತ್ತು ಕಡಿಯಬೇಕಾದರೆ ಹೆಣ್ಣುಮಕ್ಕಳ ಓದು, ಮನೆಗೆ ಉರುವಲು, ನೀರು, ಹೆರಿಗೆಯ ವಿಷಯದಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇವೆಲ್ಲ ಒಟ್ಟಿಗೆ ಬರಬೇಕು. ಮೇಷ್ಟರೇ, ದಾಸ್‌ಗುಪ್ತರನ್ನು ತಲೆಯೆಣಿಸುವವರ ಸಾಲಿಗೆ ಸೇರಿಸಬೇಡಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ. ಜನ ಏಕೆ ಹೆಚ್ಚಾಗುತ್ತಾರೆ ಎಂದು ಬಡವರ ಅಡುಗೆಮನೆಯ ಕಡೆಯಿಂದ ಕೇಳಿದವರು ಅವರು.

ಕಳಸದವಳು:

ಎಂಜಿನಿಯರ್ ಅವರು ಲೋಹಗಳ ಬೆಲೆ ಇಳಿಯಿತು ಎಂದರು. ನಾನು ಲೋಹದ ಬೆಟ್ಟದ ಬುಡದಲ್ಲಿ ಬೆಳೆದವಳು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ದಿನಗಳಲ್ಲಿ ಅಪ್ಪನಿಗೆ ಅಲ್ಲಿಯೇ ಕೆಲಸ, ನಮಗೆ ಅಲ್ಲಿಯೇ ಶಾಲೆ. ಅನ್ನ ಕೊಟ್ಟ ಊರು, ಅದನ್ನು ಮರೆಯುವುದಿಲ್ಲ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದಳು. ನದಿಯ ಬಣ್ಣವೇ ಅದು ಎಂದು ಚಿಕ್ಕವಳಾಗಿದ್ದಾಗ ತಿಳಿದಿದ್ದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಟೌನ್‌ಶಿಪ್ ಖಾಲಿಯಾಯಿತು. ಮೇಡಂ ಹೇಳಿದ ಆ ಮೂರು ಸಾವಿರದ ಅಂಕಿ ಓದಿದಾಗ ನಮ್ಮ ಓಣಿಯ ಒಂದೊಂದು ಮನೆಯೂ ಕಣ್ಣೆದುರು ಬಂತು.

ಅದಿರು ಹಡಗೇರಿ ಹೋದಾಗ ಅದಕ್ಕೊಂದು ಬೆಲೆ ಇತ್ತು. ಆ ಬೆಲೆಯಲ್ಲಿ ಭದ್ರೆಯ ಹೂಳು ಸೇರಿರಲಿಲ್ಲ, ಶೋಲಾ ಕಾಡು ಸೇರಿರಲಿಲ್ಲ, ಕೆಲಸ ಹೋದ ಮೇಲೆ ನಾವು ಎಲ್ಲಿಗೆ ಹೋಗಬೇಕು ಎಂಬುದೂ ಸೇರಿರಲಿಲ್ಲ. ಅದಿರು ತೊಳೆದ ಮಣ್ಣು ಇಂದಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿದೆ. ಲೋಹ ಅಗ್ಗವಾಯಿತು ಎಂದು ಯಾರಾದರೂ ಹೇಳಿದರೆ, ಬಾಕಿಯನ್ನು ಯಾರ ಹೆಸರಿಗೆ ಬರೆದಿರಿ ಎಂದು ಕೇಳಬೇಕೆನಿಸುತ್ತದೆ.

ಬೇಲೂರು ಎಂಜಿನಿಯರ್:

ಕಳಸದ ತಂಗಿಯ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಬೆಲೆಯೇ ಸುಳ್ಳಾಗಿದ್ದರೆ ಆ ಬೆಲೆ ಇಳಿದದ್ದರಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಇದರಿಂದ ನನ್ನ ವಾದ ಇನ್ನೊಂದು ಕಡೆ ಗಟ್ಟಿಯಾಗುತ್ತದೆ. ಬೆಲೆ ಇಲ್ಲದ್ದಕ್ಕೆ ಬೆಲೆ ಇಡೋಣ. ಪಂಪ್‌ಸೆಟ್‌ಗೆ ಮೀಟರ್ ಹಾಕಲಿ. ಉಳಿಸಿದ ಕರೆಂಟಿಗೆ ಸರ್ಕಾರ ರೈತನ ಖಾತೆಗೆ ಹಣ ಹಾಕಲಿ. ಆಗ ಸೈಮನ್ ಹೇಳಿದ ಬುದ್ಧಿ ತಾನಾಗಿ ಕೆಲಸ ಮಾಡುತ್ತದೆ.

ಅರಸೀಕೆರೆ ತೆಂಗಿನ ತೋಟ:

ಮೀಟರ್ ಎಂಬ ಪದ ಕೇಳಿದರೆ ನಮ್ಮ ಊರಿನಲ್ಲಿ ಸಭೆ ಎದ್ದುಹೋಗುತ್ತದೆ. ಕಾರಣವಿದೆ. ನುಸಿ ಪೀಡೆ ಬಂದಾಗ, ಕೊಬ್ಬರಿ ಬೆಲೆ ಕುಸಿದಾಗ, 870 ಅಡಿ ಕೊರೆಸಿ ದೂಳು ಕಂಡಾಗ ಯಾರೂ ನಮ್ಮ ಜೊತೆ ಇರಲಿಲ್ಲ. ಆ ಕರೆಂಟು ಒಂದೇ ನಮಗೆ ಸಿಕ್ಕಿದ್ದು. ಮೊದಲು ಅದನ್ನು ಕಿತ್ತುಕೊಂಡು ಆಮೇಲೆ ಹಣ ಕೊಡುತ್ತೇವೆ ಎಂದರೆ ನಂಬುವುದು ಹೇಗೆ? ಮೊದಲು ಖಾತೆಗೆ ಹಣ ಬರಲಿ, ಆಮೇಲೆ ಮೀಟರ್ ಬರಲಿ. ಆ ಕ್ರಮದಲ್ಲಾದರೆ ನಾನೇ ಮೊದಲು ಹಾಕಿಸುತ್ತೇನೆ. ಇದು ಸಿಟ್ಟಿನ ಮಾತಲ್ಲ. ನೀರು ಇಳಿಯುವುದನ್ನು ನನಗಿಂತ ಹತ್ತಿರದಿಂದ ನೋಡಿದವರು ಇಲ್ಲಿ ಯಾರಿದ್ದಾರೆ?

ಹಾಸನದ ನಿವೃತ್ತ ಮೇಷ್ಟರು:

ತೋಟದ ಯಜಮಾನರೇ, ನಂಬಿಕೆಯ ಮಾತು ಎತ್ತಿದ್ದು ಒಳ್ಳೆಯದಾಯಿತು. ಬೆಲೆಗೂ ಸರ್ಕಾರಕ್ಕೂ ನಡುವೆ ಮೂರನೆಯದೊಂದು ಇತ್ತು, ಅದು ಊರು. ನೀರುಗಂಟಿ ಎಂಬ ಪದ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಕೆರೆಯ ತೂಬು ಎತ್ತುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು. ಗೌಡನ ಗದ್ದೆಗೂ ಅವನು ಬಿಟ್ಟಷ್ಟೇ ನೀರು. ಎಲ್ಲರದಾದ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂಬ ಮಾತನ್ನು ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಂ ಲೋಕದ ಹಲವೆಡೆಯ ಉದಾಹರಣೆಗಳನ್ನು ಕೂಡಿಸಿ ಪರೀಕ್ಷಿಸಿದರು. ಬಳಸುವವರೇ ಕೂಡಿ ನಿಯಮ ಮಾಡಿಕೊಂಡು, ತಾವೇ ಕಾದುಕೊಂಡ ಕಡೆ ಅದು ತಲೆಮಾರುಗಟ್ಟಲೆ ಉಳಿದಿದೆ ಎಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಈಗ ಆ "ಎಲ್ಲರದು" ಎಷ್ಟು ಉಳಿದಿದೆ? 1980ರ ದಶಕದಲ್ಲಿ ಎನ್.ಎಸ್. ಜೋಧಾ ಎಂಬ ಅರ್ಥಶಾಸ್ತ್ರಜ್ಞರು ಕರ್ನಾಟಕವೂ ಸೇರಿ ಏಳು ರಾಜ್ಯಗಳ ಒಣಪ್ರದೇಶದ 80ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕುಳಿತು ಲೆಕ್ಕ ಹಾಕಿದರು. ಮೂವತ್ತು ವರ್ಷಗಳಲ್ಲಿ ಗೋಮಾಳ, ಹುಲ್ಲುಗಾವಲು, ಊರ ಕಾಡು ಹಲವೆಡೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕರಗಿದ್ದವು. ಬಡವರ ಮನೆಯ ಆದಾಯದ ಸುಮಾರು ಐದನೇ ಒಂದು ಪಾಲು ಅಲ್ಲಿಂದ ಬರುತ್ತಿತ್ತು. ದಾಸ್‌ಗುಪ್ತರೂ ತಮ್ಮ ಬರಹಗಳಲ್ಲಿ ಜೋಧಾ ಅವರ ಈ ಕೆಲಸವನ್ನು ನೆಚ್ಚಿಕೊಂಡಿದ್ದಾರೆ. ಅಮೃತಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ನಮ್ಮ ಕಾವಲುಗಳನ್ನೇ ನೋಡಿ. ಅಜ್ಜಂಪುರದಿಂದ ಅರಸೀಕೆರೆಯವರೆಗೆ ದನ ಮೇದುಕೊಂಡು ಹೋಗುತ್ತಿದ್ದ ಹುಲ್ಲುಗಾವಲು ಈಗ ತುಂಡು ತುಂಡು.

ಆದರೆ ಒಂದು ಸತ್ಯ ಹೇಳದೆ ಹೋದರೆ ತಪ್ಪಾಗುತ್ತದೆ. ಹಳೆಯ ಊರನ್ನು ಚಿನ್ನದ ಊರು ಎಂದು ನಾನು ಹೇಳಲಾರೆ. ಕೆರೆಯ ಹೂಳು ಎತ್ತಿದ ಕೈಗಳು ಹೆಚ್ಚಾಗಿ ಊರ ಹೊರಗಿನ ಕೇರಿಯವು. ತೂಬು ಎತ್ತುತ್ತಿದ್ದ ನೀರುಗಂಟಿಗೇ ಎಷ್ಟೋ ಕಡೆ ಅದೇ ಊರಿನ ಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ. ನಮ್ಮ ತಂದೆ ಆ ಕೇರಿಯವರು. ಹೂಳೆತ್ತುವ ಬಿಟ್ಟಿ ಕೆಲಸಕ್ಕೆ ಬೆನ್ನು ತಿರುಗಿಸಿ ನನ್ನನ್ನು ಓದಿಸಿದವರು. ಕೆರೆ ಮತ್ತೆ ಊರಿನದಾಗಬೇಕು ಎಂದು ನಾನೂ ಬಯಸುತ್ತೇನೆ. ನಿಯಮ ಬರೆಯುವ ಜಗಲಿಯ ಮೇಲೆ ಈ ಸಲ ಆ ಕೇರಿಯವರೂ ಆಶಾ ಅಕ್ಕನಂಥ ಹೆಂಗಸರೂ ಕುಳಿತಿರಬೇಕು. ಅಷ್ಟಿಲ್ಲದಿದ್ದರೆ ನನಗೆ ಆ ಕೆರೆ ಬೇಡ.

ಮೂಡಿಗೆರೆ ಬೆಳೆಗಾರ:

ಮೇಷ್ಟರೇ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನಮ್ಮ ಹಳ್ಳಕ್ಕೆ ಪೈಪು ಇಳಿಸಿರುವ ಹನ್ನೊಂದು ಮನೆಗಳಿವೆ. ಲೈನಿನ ಮನೆಗಳಲ್ಲಿರುವ ಕೆಲಸದವರೂ ಅದೇ ನೀರು ಕುಡಿಯುತ್ತಾರೆ, ಅವರನ್ನು ನಾವು ಒಂದು ದಿನವೂ ಕೇಳಿಲ್ಲ. ಹೂಮಳೆಗೆ ಮೊದಲು ಎಲ್ಲರನ್ನೂ ಕರೆದು, ಯಾರು ಯಾವ ರಾತ್ರಿ ಎಷ್ಟು ಗಂಟೆ ಎತ್ತಬೇಕು ಎಂದು ಮಾತಾಡಿ ನೋಡುತ್ತೇನೆ. ಆದದ್ದನ್ನು ಇಲ್ಲಿ ಬರೆಯುತ್ತೇನೆ.

ಕಡೂರಿನ ಉಪನ್ಯಾಸಕಿ:

ಇಂದು ತರಗತಿಯಲ್ಲಿ ಅರಸೀಕೆರೆ ಅಣ್ಣನ ಬಾವಿಯ ಕಥೆ ಓದಿದೆ. ಪ್ರಶ್ನೆ ಕೇಳಿದ ಹುಡುಗಿ ಎದ್ದು, "ನಮ್ಮ ಮನೆಯದು 760 ಅಡಿ ಮೇಡಂ" ಎಂದಳು. ಇನ್ನೊಬ್ಬ 900 ಎಂದ. ಇಪ್ಪತ್ತು ನಿಮಿಷದಲ್ಲಿ ಹಲಗೆ ತುಂಬಿತು. ಎರಡು ಗೆರೆಗಳನ್ನು ಅಳಿಸಿ ಅಲ್ಲಿ ಈ ಅಂಕಿಗಳನ್ನು ಬರೆದೆವು: ಊರು, ಕೊರೆಸಿದ ವರ್ಷ, ಆಳ, ಸಿಕ್ಕ ನೀರು, ಆಗ ಮನೆಯಲ್ಲಿದ್ದ ಜನ, ಈಗ ಇರುವ ಜನ, ಹಾಕಿದ ಬೆಳೆ. ಮುಂದಿನ ವಾರ ಮಕ್ಕಳು ತಾತ, ಅಜ್ಜಿಯರನ್ನು ಕೇಳಿ ತೆರೆದ ಬಾವಿಗಳ ಆಳವನ್ನೂ, ನೀರು ತರಲು ಆಗ ಎಷ್ಟು ಹೊತ್ತು ಹೋಗುತ್ತಿತ್ತು ಎಂಬುದನ್ನೂ ಬರೆದು ತರುತ್ತಾರೆ. ಕೊನೆಯ ಪ್ರಶ್ನೆ ಸೇರಿಸಿದ್ದು ಆಶಾ ಅಕ್ಕನ ಮಾತು ಓದಿದ ಮೇಲೆ. ನಿಮ್ಮ ಊರಿನ ಅಂಕಿಗಳಿದ್ದರೆ ಇದೇ ಕ್ರಮದಲ್ಲಿ ಇಲ್ಲಿ ಹಾಕಿ, ಮಕ್ಕಳು ಪಟ್ಟಿಗೆ ಸೇರಿಸುತ್ತಾರೆ.

ಅರಸೀಕೆರೆ ತೆಂಗಿನ ತೋಟ:

ನಮ್ಮ ಅವ್ವನನ್ನು ಕೇಳಿದೆ. ತೆರೆದ ಬಾವಿ 38 ಅಡಿ, ಬೇಸಿಗೆಯಲ್ಲಿ ಹಗ್ಗಕ್ಕೆ ಇನ್ನೆರಡು ಮಾರು ಕಟ್ಟುತ್ತಿದ್ದರಂತೆ, ಅಷ್ಟೇ. ಹದಿನಾಲ್ಕು ಜನ. ನೀರು ಸೇದಿ ತರಲು ದಿನಕ್ಕೆ ಅರ್ಧ ಗಂಟೆ, ಬಾವಿ ಮನೆಯ ಹಿಂದೆಯೇ ಇತ್ತು. ಬೆಳೆ ರಾಗಿ, ಹುರುಳಿ, ಬದುವಿನ ಮೇಲೆ ಹೊಂಗೆ. ಆ ಬಾವಿಯನ್ನು 2010ರಲ್ಲಿ ಕಸ ಹಾಕಿ ಮುಚ್ಚಿದವನು ನಾನೇ. ಅದನ್ನೂ ಪಟ್ಟಿಯಲ್ಲಿ ಬರೆಸಿ.